ಅಂಗಡಿ ಹೆಸರಿನ ಕೆಳಗೆ ಏನು ಬರೆಸಬೇಕು?

ವ್ಯಾಪಾರಕ್ಕೊಂದು ಟ್ಯಾಗ್‌ಲೈನ್, ಅಂದರೆ ಹೆಸರಿನ ಕೆಳಗೆ ಬರುವ ಅಡಿಬರಹ, ಬರೆಯುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ನಮ್ಮದು ಮರದ ಗಾಣ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಮಾರುತ್ತೇವೆ. ಜನ ತಮ್ಮ ಕೊಬ್ಬರಿ ತಂದರೆ ಎದುರೇ ಆಡಿಸಿಯೂ ಕೊಡುತ್ತೇವೆ. ಬೋರ್ಡಿನಲ್ಲಿ ‘ಶುದ್ಧತೆಯೇ ನಮ್ಮ ಉಸಿರು’ ಅಂತ ಬರೆಸಿದ್ದೇವೆ, ಆದರೆ ಅದು ಯಾರ ಬಾಯಲ್ಲೂ ನಿಂತಿಲ್ಲ. ಹೊಸದನ್ನು ಬರೆಯುವುದು ಹೇಗೆ?
— ಗಾಣದ ಮಾಲೀಕರು, ತಿಪಟೂರು

ನಿಮ್ಮ ಸಾಲನ್ನು ಪಕ್ಕದ ಹಾಲಿನ ಡೇರಿಯ ಬೋರ್ಡಿಗೆ ಹಾಕಿ ನೋಡಿ. ಎದುರಿನ ಮೆಡಿಕಲ್ ಸ್ಟೋರಿಗೆ, ನೀರಿನ ಕ್ಯಾನ್ ತರುವ ಗಾಡಿಗೆ ಹಾಕಿ ನೋಡಿ. ಮೂರೂ ಕಡೆ ಸಲೀಸಾಗಿ ಕೂರುತ್ತದೆ. ನಿಮ್ಮ ಗಾಣಕ್ಕೆ ಅದು ಅಂಟಿಕೊಳ್ಳದಿರುವುದಕ್ಕೆ ಕಾರಣ ಇದೇ. ‘ಗ್ರಾಹಕರೇ ದೇವರು’, ‘ನಿಮ್ಮ ನಂಬಿಕೆಯೇ ನಮ್ಮ ಶಕ್ತಿ’, ‘ಗುಣಮಟ್ಟಕ್ಕೆ ಇನ್ನೊಂದು ಹೆಸರು’, ‘ಶುಚಿ-ರುಚಿಗಾಗಿ ಒಮ್ಮೆ ಭೇಟಿ ಕೊಡಿ’ ಇವೆಲ್ಲ ಅದೇ ಗುಂಪಿನವು. ಇವುಗಳಲ್ಲಿ ಸುಳ್ಳೇನೂ ಇಲ್ಲ, ಗುರುತು ಇಲ್ಲ ಅಷ್ಟೆ.

ಮೊದಲು ಒಂದು ಹಾಳೆಯಲ್ಲಿ ನಿಮ್ಮ ಗಾಣದಲ್ಲಿ ದಿನವೂ ನಡೆಯುವುದನ್ನು ಬರೆಯಿರಿ. ಹೊಗಳಿಕೆ ಬೇಡ, ನಡೆಯುವುದು ಮಾತ್ರ: ಕೊಬ್ಬರಿ ಎಲ್ಲಿಂದ ಬರುತ್ತದೆ, ಯಾವ ಮರದ ಗಾಣ, ಎಷ್ಟು ಹೊತ್ತಿಗೆ ತಿರುಗುತ್ತದೆ, ಎಣ್ಣೆ ತಿಳಿಯಾಗಲು ಎಷ್ಟು ದಿನ ಬಿಡುತ್ತೀರಿ, ಹಿಂಡಿ ಯಾರಿಗೆ ಹೋಗುತ್ತದೆ, ಜನ ಎಲ್ಲಿ ಕೂತು ಕಾಯುತ್ತಾರೆ. ಇಪ್ಪತ್ತು ಸಂಗತಿಗಳಾದರೂ ಇರಲಿ. ಆಮೇಲೆ ಊರಿನ ಬೇರೆ ಎಣ್ಣೆ ಅಂಗಡಿಯವರೂ ಹೇಳಬಹುದಾದದ್ದನ್ನೆಲ್ಲ ಹೊಡೆದುಹಾಕಿ. ಉಳಿಯುವುದು ಎರಡೋ ಮೂರೋ. ನಿಮ್ಮ ಸಾಲು ಅದರೊಳಗೇ ಇದೆ.

ಎರಡನೆಯದಾಗಿ, ಖಾಯಂ ಗಿರಾಕಿಗಳಲ್ಲಿ ಹನ್ನೆರಡು-ಹದಿನೈದು ಮಂದಿಯನ್ನು ಮಾತಾಡಿಸಿ. ‘ನಮ್ಮ ಎಣ್ಣೆ ಹೇಗಿದೆ?’ ಎಂದು ಕೇಳಬೇಡಿ. ‘ಚೆನ್ನಾಗಿದೆ’ ಎಂಬ ಉತ್ತರದಿಂದ ಏನೂ ಸಿಗುವುದಿಲ್ಲ. ‘ನೆಂಟರು ಕೇಳಿದರೆ ನಮ್ಮ ಅಂಗಡಿಯ ಗುರುತು ಏನಂತ ಹೇಳ್ತೀರಿ?’ ಎಂದು ಕೇಳಿ. ‘ಕೊಬ್ಬರಿ ಕೊಟ್ರೆ ಮುಂದೇನೇ ಆಡಿಸಿ ಕೊಡ್ತಾರಲ್ಲ, ಅವ್ರು’ ಎನ್ನುವಂಥ ಮಾತು ಬಂದರೆ, ಅವರು ಆಡಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ.

ಮೂರನೆಯ ಕೆಲಸ ಬರೆಯುವುದು. ನಲವತ್ತು-ಐವತ್ತು ಸಾಲು ಬೇಕು. ಮೊದಲ ಹತ್ತು ಎಲ್ಲೋ ನೋಡಿದ ಬೋರ್ಡುಗಳಿಂದ ಬರುತ್ತವೆ. ಅವು ಮುಗಿದ ಮೇಲೆಯೇ ನಿಮ್ಮವು ಶುರುವಾಗುತ್ತವೆ, ಹಾಗಾಗಿ ಹತ್ತಕ್ಕೆ ನಿಲ್ಲಿಸಬೇಡಿ. ಸಾಲು ಮೂರರಿಂದ ಆರು ಪದದೊಳಗಿರಲಿ. ಶುದ್ಧತೆ, ಶ್ರೇಷ್ಠತೆ, ವಿಶ್ವಾಸಾರ್ಹತೆ ಥರದ, ಕಣ್ಣಿಗೆ ಕಾಣದ ಪದ ಬಂದರೆ ಕಿತ್ತು ಆ ಜಾಗಕ್ಕೆ ಕೈಯಲ್ಲಿ ಮುಟ್ಟಬಹುದಾದ ವಸ್ತುವಿನ ಹೆಸರು ಹಾಕಿ.

ನಿಮ್ಮ ಪತ್ರದಲ್ಲಿರುವ ಸಂಗತಿಯಿಂದಲೇ ಒಂದು ಮಾದರಿ: ‘ಕೊಬ್ಬರಿ ನಿಮ್ದು, ಗಾಣ ನಮ್ದು’. ನೀವು ಮಾಡುವ ಕೆಲಸವೇನೆಂದು ಇದು ಹೇಳುತ್ತದೆ. ಕಲಬೆರಕೆಯ ಮಾತನ್ನೇ ಎತ್ತದೆ ಆ ಅನುಮಾನವನ್ನೂ ತೆಗೆಯುತ್ತದೆ. ಹಾಲಿನ ಡೇರಿಗೆ ಒಪ್ಪುವುದಿಲ್ಲ. ಆದರೆ ನಿಮ್ಮ ವ್ಯಾಪಾರದಲ್ಲಿ ಹೆಚ್ಚಿನ ಪಾಲು ಬಾಟಲಿ ಎಣ್ಣೆಯದೇ ಆಗಿದ್ದರೆ ಈ ಸಾಲು ಬೇಡ. ಕೊಬ್ಬರಿ ಇಲ್ಲದವರು ‘ಇದು ನಮಗಲ್ಲ’ ಎಂದು ಮುಂದೆ ಹೋಗುತ್ತಾರೆ. ಆಗ ‘ಗಾಣ ನೋಡಿ, ಎಣ್ಣೆ ಕೊಳ್ಳಿ’ ಹೆಚ್ಚು ಹೊಂದುತ್ತದೆ. ಅದಕ್ಕೂ ಒಂದು ಷರತ್ತಿದೆ: ಅಂಗಡಿಗೆ ಬಂದವರಿಗೆ ಗಾಣ ಕಾಣಬೇಕು. ಅದು ಹಿಂದಿನ ಗೋಡೌನಿನಲ್ಲಿದ್ದರೆ ಮುಂದಕ್ಕೆ ತನ್ನಿ, ಇಲ್ಲವೇ ಗೋಡೆಗೊಂದು ಗಾಜು ಹಾಕಿಸಿ.

ಖಾನಾವಳಿ ನಡಸ್ತೀವಿ. ಬೋರ್ಡಿನ ಮ್ಯಾಲೆ ನಮ್ಮ ಕಡೆ ಮಾತು ಬರಸಬಹುದೇನ್ರಿ, ಪುಸ್ತಕದ ಭಾಷೆನ ಬೇಕೇನು? ಪ್ರಾಸ ಇರಲೇಬೇಕಾ?
— ಖಾನಾವಳಿಯವರು, ಹುಬ್ಬಳ್ಳಿ

ಧಾರಾಳವಾಗಿ ಬರೆಸಿರಿ. ಪ್ರಾಸ ಕಡ್ಡಾಯವಲ್ಲ, ಆದರೆ ನಿಮ್ಮ ಕಡೆಯ ಮಾತಿನಲ್ಲಿ ಅದು ತಾನಾಗಿ ಒದಗಿ ಬರುತ್ತದೆ. ‘ಹೊಟ್ಟೆ’ ನಿಮ್ಮಲ್ಲಿ ‘ಹೊಟ್ಟಿ’ ಆಗುವುದರಿಂದ ‘ರೊಟ್ಟಿ’ಗೆ ಅಚ್ಚುಕಟ್ಟಾದ ಜೋಡಿ ಸಿಗುತ್ತದೆ. ‘ರೊಟ್ಟಿ ಬಿಸಿ, ಹೊಟ್ಟಿ ಖುಷಿ’ ಎಂದು ಬರೆದರೆ ಎರಡು ಕಡೆ ಪ್ರಾಸ ಕೂಡಿತು. ಇದನ್ನು ‘ಹೊಟ್ಟೆ ಖುಷಿ’ ಎಂದು ಶಿಷ್ಟಗೊಳಿಸಿದರೆ ಅರ್ಧ ಸೊಗಸು ಹೋಗುತ್ತದೆ. ಮುಂದೆ ಬೆಂಗಳೂರಿನಲ್ಲಿ ಶಾಖೆ ತೆರೆದರೂ ಹೀಗೇ ಇಡಿ. ಅಲ್ಲಿಯವರು ಹುಡುಕಿಕೊಂಡು ಬರುವುದು ಹುಬ್ಬಳ್ಳಿಯ ಊಟವನ್ನು.

ಪ್ರಾಸಕ್ಕಿಂತ ಮುಖ್ಯವಾದದ್ದು ಲಯ. ಶಾಲೆಯಲ್ಲಿ ಕಲಿತ ಮಾತ್ರೆಯ ಲೆಕ್ಕ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ‘ರೊಟ್ಟಿ ಬಿಸಿ’ ಮೂರು ಮತ್ತು ಎರಡು, ‘ಹೊಟ್ಟಿ ಖುಷಿ’ ಮತ್ತೆ ಮೂರು ಮತ್ತು ಎರಡು. ಎರಡು ಭಾಗವೂ ಐದೈದು ಮಾತ್ರೆ, ಅದಕ್ಕೇ ನಾಲಿಗೆ ಎಡವುವುದಿಲ್ಲ. ‘ಕೈ ಕೆಸರಾದರೆ ಬಾಯಿ ಮೊಸರು’ ಗಾದೆಯನ್ನು ಎಣಿಸಿ ನೋಡಿ: ಕೈಕೆಸ, ರಾದರೆ, ಬಾಯಿಮೊ ಎಂದು ನಾಲ್ಕು ನಾಲ್ಕಾಗಿ ಬಂದು ‘ಸರು’ ಎಂದು ಎರಡಕ್ಕೆ ನಿಲ್ಲುತ್ತದೆ. ಗಾದೆಗಳು ಬಾಯಿಂದ ಬಾಯಿಗೆ ಉಳಿದು ಬಂದದ್ದರಲ್ಲಿ ಈ ಅಳತೆಯ ಪಾಲು ದೊಡ್ಡದು. ನೀವು ಬರೆದ ಸಾಲು ಬಾಯಿಗೆ ಒಗ್ಗದಿದ್ದರೆ ಮಾತ್ರೆ ಎಣಿಸಿ. ಸಾಮಾನ್ಯವಾಗಿ ಎರಡನೇ ಭಾಗ ಮೊದಲನೆಯದಕ್ಕಿಂತ ಮೂರ್ನಾಲ್ಕು ಮಾತ್ರೆ ಉದ್ದವಾಗಿರುತ್ತದೆ. ಅಲ್ಲಿ ‘ತುಂಬಾ’, ‘ಅತ್ಯಂತ’, ‘ಸದಾ’ ಥರದ ಪದ ಸೇರಿಕೊಂಡಿರುತ್ತದೆ, ತೆಗೆದುಬಿಡಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರ. ರೊಟ್ಟಿ ಬಿಸಿ ಎಂದು ಬರೆಸಿದರೆ ತಟ್ಟೆಗೆ ಬೀಳುವ ರೊಟ್ಟಿ ಹಂಚಿನಿಂದ ನೇರವಾಗಿ ಬರಬೇಕು. ಮಧ್ಯಾಹ್ನದ ಗದ್ದಲದಲ್ಲಿ ಬೆಳಗ್ಗೆ ಬಡಿದಿಟ್ಟ ರೊಟ್ಟಿ ಬಡಿಸುವ ರೂಢಿಯಿದ್ದರೆ ಒಲೆ ಹೆಚ್ಚಿಸಿ, ಇಲ್ಲವೇ ಬೇರೆ ಸಾಲು ಹುಡುಕಿ. ಕಡಕ್ ರೊಟ್ಟಿಯೇ ನಿಮ್ಮ ವಿಶೇಷವಾಗಿದ್ದರೆ ಅದನ್ನೇ ಹೇಳಿರಿ.

ನಮ್ಮ ಬಟ್ಟೆ ಅಂಗಡಿಗೆ ‘ಜಿಲ್ಲೆಗೇ ನಂ. 1’ ಅಂತ ಹಾಕಿಸಬೇಕೆಂದಿದ್ದೇವೆ. ತೊಂದರೆ ಇದೆಯೇ?
— ಶಿವಮೊಗ್ಗ

ಇದೆ. ಯಾವುದರಲ್ಲಿ ನಂ. 1, ಯಾರು ಎಣಿಸಿದ್ದು, ಯಾವ ವರ್ಷದ ಲೆಕ್ಕ ಎಂದು ಕೇಳಿದರೆ ತೋರಿಸಲು ಕಾಗದ ಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. ಕಾನೂನು ಆಚೆಗಿರಲಿ, ಊರಿನಲ್ಲಿ ಇನ್ನೂ ಹಲವು ಅಂಗಡಿಗಳು ನಂ. 1 ಎಂದು ಬರೆಸಿಕೊಂಡಿರುವಾಗ ಅದನ್ನು ಓದುವವರು ಯಾರು?

ಮೊದಲನೆಯವರಲ್ಲ ಎಂದು ಒಪ್ಪಿಕೊಂಡೇ ಗೆದ್ದ ಪ್ರಸಿದ್ಧ ಉದಾಹರಣೆಯೊಂದಿದೆ. ಅಮೆರಿಕದಲ್ಲಿ ಬಾಡಿಗೆ ಕಾರಿನ ವ್ಯಾಪಾರದಲ್ಲಿ ಹರ್ಟ್ಜ್ ಮುಂದಿತ್ತು, ಏವಿಸ್ ಹಿಂದಿತ್ತು. 1960ರ ದಶಕದ ಆರಂಭದಲ್ಲಿ ಏವಿಸ್ ಕಂಪನಿ ‘ನಾವು ಎರಡನೆಯವರು, ಅದಕ್ಕೇ ಹೆಚ್ಚು ದುಡಿಯುತ್ತೇವೆ’ ಎಂಬರ್ಥದ ಜಾಹೀರಾತು ಕೊಟ್ಟಿತು. ‘ವಿ ಟ್ರೈ ಹಾರ್ಡರ್’ ಎಂಬ ಆ ಸಾಲನ್ನು ಬರೆದವರು ಪಾಲಾ ಗ್ರೀನ್. 2012ರವರೆಗೆ ಕಂಪನಿ ಅದನ್ನು ಬದಲಿಸಲಿಲ್ಲ. ನಿಮ್ಮಲ್ಲೂ ಅಂಥ ಒಂದು ನಿಜ ಇರುತ್ತದೆ. ಬ್ಲೌಸ್ ಪೀಸ್ ಕತ್ತರಿಸಿ ಅಲ್ಲೇ ಫಾಲ್ ಹಾಕಿಸಿ ಕೊಡುತ್ತೀರಾ? ಮದುವೆ ಜವಳಿಗೆ ಬಂದ ಇಡೀ ಮನೆಯವರಿಗೆ ಕೂರಲು ಜಾಗವಿದೆಯೇ? ಹುಡುಕುವುದನ್ನು ಅಲ್ಲಿಂದ ಶುರುಮಾಡಿ.

ನಾವು ಆರು ಮಂದಿ ಹೆಂಗಸರು ಸೇರಿ ಚಟ್ನಿಪುಡಿ, ಸಾಂಬಾರು ಪುಡಿ ಮಾಡುತ್ತೇವೆ. ಈಗ ಬಾಡಿಗೆ ಶೆಡ್ಡಿನಲ್ಲಿ ಘಟಕವಿದೆ. ಪ್ಯಾಕೆಟ್ ಮೇಲೆ ‘ಮನೆಯಲ್ಲೇ ಮಾಡಿದ್ದು, 100% ನೈಸರ್ಗಿಕ’ ಎಂದು ಹಾಕಬಹುದೇ?
— ಸ್ವಸಹಾಯ ಗುಂಪು, ಹಾಸನ

ಎರಡೂ ಬೇಡ. ಆಹಾರದ ಪ್ಯಾಕೆಟ್ ಮೇಲಿನ ಮಾತಿಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿ ಅನ್ವಯಿಸುತ್ತದೆ. ಮನೆಯಡುಗೆ ಎಂಬ ತಪ್ಪು ಅಭಿಪ್ರಾಯ ಮೂಡಿಸುವ ಪದಗಳನ್ನು ಅದು ಒಪ್ಪುವುದಿಲ್ಲ. ನಿಮ್ಮ ಕೆಲಸ ಈಗ ಶೆಡ್ಡಿನಲ್ಲಿ ನಡೆಯುತ್ತಿದೆ. ‘ನೈಸರ್ಗಿಕ’ ಎಂಬ ಪದ ಹಲವು ಪದಾರ್ಥ ಬೆರೆಸಿ ಮಾಡಿದ ತಿನಿಸಿಗೆ ನೇರವಾಗಿ ಹೊಂದುವುದಿಲ್ಲ. ಬೆರೆಸಿದ ಪ್ರತಿಯೊಂದು ಪದಾರ್ಥವೂ ನಿಯಮಕ್ಕೆ ಒಪ್ಪುವಂತಿದ್ದರೆ ‘ನೈಸರ್ಗಿಕ ಪದಾರ್ಥಗಳಿಂದ ಮಾಡಿದ್ದು’ ಎನ್ನಬಹುದು. ‘100%’ ಬಳಸದಿರುವಂತೆ 2025ರ ಮೇ ತಿಂಗಳಲ್ಲಿ ಎಫ್‌ಎಸ್‌ಎಸ್‌ಎಐ ಆಹಾರ ಉದ್ಯಮಗಳಿಗೆ ಸೂಚಿಸಿದೆ. ‘ಅಪ್ಪಟ’, ‘ಸಾಂಪ್ರದಾಯಿಕ’, ‘ತಾಜಾ’ ಥರದ ವಿಶೇಷಣವನ್ನು ಹೆಸರಿನೊಳಗೇ ಸೇರಿಸಿ ಅದು ಗಿರಾಕಿಯನ್ನು ತಪ್ಪುದಾರಿಗೆ ಎಳೆಯುವಂತಿದ್ದರೆ, ‘ಇದು ಬ್ರ್ಯಾಂಡ್ ಹೆಸರು ಮಾತ್ರ, ಪದಾರ್ಥದ ನಿಜಗುಣವನ್ನು ಸೂಚಿಸುವುದಿಲ್ಲ’ ಎಂಬರ್ಥದ ಸೂಚನೆಯನ್ನು ಕನಿಷ್ಠ 3 ಮಿ.ಮೀ. ಎತ್ತರದ ಅಕ್ಷರದಲ್ಲಿ ಮುದ್ರಿಸಬೇಕಾಗುತ್ತದೆ. ಇಷ್ಟುದ್ದದ ಸೂಚನೆಗೆ ಸಣ್ಣ ಪ್ಯಾಕೆಟ್ಟಿನಲ್ಲಿ ಎಷ್ಟು ಜಾಗ ಹೋಗುತ್ತದೆಂದು ಅಳೆದು ನೋಡಿ.

ವಿಶೇಷಣ ಬಿಟ್ಟು ಕ್ರಿಯೆ ಹೇಳಿ. ಯಾವ ದಿನ ಹುರಿಯುತ್ತೀರಿ? ಯಾವುದರಲ್ಲಿ ಕುಟ್ಟುತ್ತೀರಿ? ಪ್ರತಿ ಸೋಮವಾರ ಹುರಿಯುವುದು ನಿಜವಾಗಿದ್ದರೆ ‘ಸೋಮವಾರ ಹುರಿದ ಪುಡಿ’ ಸಾಕು. ಕೊಳ್ಳುವವರು ತಯಾರಿಕೆಯ ದಿನಾಂಕ ನೋಡಿ ತಾಳೆ ಹಾಕಬಹುದು, ಆ ಸಾಲಿನ ಬಲ ಇರುವುದೇ ಅಲ್ಲಿ. ಅದರ ಜೊತೆಗೆ ‘ಬುಧವಾರ ನಿಮ್ಮ ಅಂಗಡಿಗೆ’ ಎಂದು ಸೇರಿಸುವ ಆಸೆಯಾಗಬಹುದು, ಸೇರಿಸಬೇಡಿ. ಸಾಗಾಟ ನಿಮ್ಮ ಕೈಯಲ್ಲಿಲ್ಲ, ಅಂಗಡಿಯಲ್ಲಿ ಪ್ಯಾಕೆಟ್ ತಿಂಗಳುಗಟ್ಟಲೆ ಕೂತರೆ ಸಾಲು ಸುಳ್ಳಾಗುತ್ತದೆ.

ನಮ್ಮ ಕಷಾಯದ ಪುಡಿಗೆ ‘ಸಕ್ಕರೆ ಕಾಯಿಲೆಗೆ ಶಾಶ್ವತ ಮುಕ್ತಿ’ ಎಂಬ ಸಾಲು ಹೇಗೆ?
— ಹೆಸರು, ಊರು ಬೇಡ

ಖಂಡಿತ ಹಾಕಬೇಡಿ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ ಇದೆ. ಅದನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಆ ಸಾಲು ನಂಬಿ ಮಾತ್ರೆ, ಇನ್ಸುಲಿನ್ ಬಿಟ್ಟವರ ಜೀವಕ್ಕೆ ಅಪಾಯ.

ನಮ್ಮ ದೋಸೆ ಹೋಟೆಲಿನ ಟ್ಯಾಗ್‌ಲೈನ್ ಅನ್ನು ಅದೇ ರಸ್ತೆಯ ಇನ್ನೊಬ್ಬರು ಹಾಗೇ ಬರೆಸಿಕೊಂಡಿದ್ದಾರೆ. ಕಾಪಿರೈಟ್ ಮಾಡಿಸಬಹುದೇ?
— ದಾವಣಗೆರೆ

ಕಾಪಿರೈಟ್ ದಾರಿಯಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಪೆಪ್ಸಿಯ ‘ಯೇ ದಿಲ್ ಮಾಂಗೇ ಮೋರ್’ ಸಾಲಿನ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2003ರಲ್ಲಿ, ಜಾಹೀರಾತಿನ ಘೋಷವಾಕ್ಯಕ್ಕೆ ಮೇಲ್ನೋಟಕ್ಕೆ ಕಾಪಿರೈಟ್ ರಕ್ಷಣೆ ಇಲ್ಲವೆಂದಿತು. ನಿಮಗೆ ಬೇಕಾದದ್ದು ವ್ಯಾಪಾರದ ಗುರುತಿಗೆ ರಕ್ಷಣೆ ಕೊಡುವ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ.

ಅಲ್ಲಿ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ: ಹೋಟೆಲ್ ಸೇವೆಗೆ 43ನೇ ವರ್ಗದಲ್ಲಿ ಅರ್ಜಿ. ಪ್ಯಾಕೆಟ್ ಮಸಾಲೆ, ಕಾಫಿಪುಡಿಯನ್ನೂ ಮಾರುವುದಾದರೆ 30ನೇ ವರ್ಗದಲ್ಲಿ ಇನ್ನೊಂದು. ಆನ್‌ಲೈನ್‌ನಲ್ಲಿ ಹಾಕಿದರೆ ವರ್ಗವೊಂದಕ್ಕೆ ಶುಲ್ಕ ವ್ಯಕ್ತಿಗೆ, ಸ್ಟಾರ್ಟಪ್‌ಗೆ, ಸಣ್ಣ ಉದ್ಯಮಕ್ಕೆ ₹4,500, ಉಳಿದವರಿಗೆ ₹9,000. ಸಣ್ಣ ಉದ್ಯಮವೆಂದು ರಿಯಾಯಿತಿ ಪಡೆಯಲು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಪತ್ರ ಲಗತ್ತಿಸಿ. ಕನ್ನಡ ಲಿಪಿಯ ಸಾಲಾದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು. ಇದನ್ನು ಮರೆತ ಅರ್ಜಿಗೆ ಆಕ್ಷೇಪಣೆ ಬರುತ್ತದೆ. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತದೆ. ಅರ್ಜಿಗೆ ಮೊದಲು ಟ್ರೇಡ್ ಮಾರ್ಕ್ ಇಲಾಖೆಯ ವೆಬ್‌ಸೈಟಿನಲ್ಲಿ ಉಚಿತವಾಗಿ ಹುಡುಕಿ, ಅದೇ ಸಾಲು ಬೇರೆಯವರ ಹೆಸರಿನಲ್ಲಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಹೆಚ್ಚಿನವರು ಬೀಳುವುದು ಕಾಯ್ದೆಯ 9ನೇ ಕಲಮಿನಲ್ಲಿ. ‘ರುಚಿಯಾದ ಬೆಣ್ಣೆ ದೋಸೆ’ ಎಂಬಂತೆ ಮಾಲನ್ನು ಬರೀ ವರ್ಣಿಸುವ ಸಾಲನ್ನು ಒಬ್ಬರಿಗೇ ಬಿಟ್ಟುಕೊಡುವುದಿಲ್ಲ. ದೀರ್ಘ ಬಳಕೆಯಿಂದ ಅದು ನಿಮ್ಮದೇ ಎಂದು ಜನ ಗುರುತಿಸುತ್ತಾರೆಂಬುದಕ್ಕೆ ಪುರಾವೆ ಕೊಡಬೇಕಾಗುತ್ತದೆ. ಆದ್ದರಿಂದ ಸಾಲು ಬಳಸತೊಡಗಿದ ದಿನದಿಂದಲೇ ದಿನಾಂಕವಿರುವ ಬಿಲ್ಲು, ಕರಪತ್ರ, ಬೋರ್ಡಿನ ಫೋಟೊ, ಪತ್ರಿಕೆ ಜಾಹೀರಾತಿನ ಪ್ರತಿ ತೆಗೆದಿಡಿ. ಪರಿಶೀಲನಾ ವರದಿಯಲ್ಲಿ ಆಕ್ಷೇಪಣೆ ಬಂದರೆ ಉತ್ತರಕ್ಕೆ 30 ದಿನ. ಇಲಾಖೆಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಬೇರೆಯವರು ವಿರೋಧಿಸಲು 4 ತಿಂಗಳು. ನೋಂದಣಿಯ ಅವಧಿ 10 ವರ್ಷ, ಆಮೇಲೆ ನವೀಕರಣ. ನೋಂದಣಿ ಆಗುವವರೆಗೆ ಸಾಲಿನ ಪಕ್ಕ ‘ಟಿಎಂ’ ಹಾಕಬಹುದು. ವೃತ್ತದೊಳಗಿನ ‘ಆರ್’ ಚಿಹ್ನೆಯನ್ನು ನೋಂದಣಿಗೆ ಮೊದಲು ಹಾಕುವುದು ಕಾನೂನಿಗೆ ವಿರುದ್ಧ. ನೋಂದಣಿ ಇಲ್ಲದಿದ್ದರೂ ನಿಮ್ಮ ಹೆಸರನ್ನು ಇನ್ನೊಬ್ಬರು ತಮ್ಮದೆಂದು ಸಾಗಹಾಕುವುದನ್ನು ತಡೆಯಲು ದಾವೆ ಹೂಡಬಹುದು, ಅಲ್ಲಿಯೂ ಬಲ ಕೊಡುವುದು ಅದೇ ಹಳೆಯ ಬಿಲ್ಲು, ಫೋಟೊಗಳು.

ಹತ್ತು ಸಾಲು ಆರಿಸಿಟ್ಟಿದ್ದೇನೆ. ಮನೆಯವರೆಲ್ಲ ‘ಎಲ್ಲವೂ ಚೆನ್ನಾಗಿದೆ’ ಅನ್ನುತ್ತಾರೆ. ಒಂದನ್ನು ಆರಿಸುವುದು ಹೇಗೆ?
— ಬೇಕರಿ ಮಾಲೀಕರು, ಮಂಡ್ಯ

ಮನೆಯವರನ್ನು ಬಿಡಿ. ಹತ್ತರಲ್ಲಿ ಮೂರು ಆರಿಸಿ, ಹತ್ತು ಮಂದಿ ಹೊರಗಿನವರಿಗೆ ಓದಿ ಹೇಳಿ. ತೋರಿಸಬೇಡಿ, ಬಾಯಲ್ಲೇ ಹೇಳಿ. ಎರಡು ದಿನ ಬಿಟ್ಟು ಯಾವ ಸಾಲು ನೆನಪಿದೆ ಎಂದು ಕೇಳಿ. ಆರು ಮಂದಿಯಾದರೂ ಒಂದೇ ಸಾಲನ್ನು ಪದ ತಪ್ಪದೆ ಹೇಳಿದರೆ ಅದನ್ನು ಇಟ್ಟುಕೊಳ್ಳಿ. ಅರ್ಥ ಸರಿಯಾಗಿ ಹೇಳಿ ಪದ ಬದಲಿಸಿದರೆ ಇನ್ನೂ ಒಳ್ಳೆಯದು: ಅವರು ಬದಲಿಸಿದ ರೂಪವನ್ನು ಬರೆದುಕೊಳ್ಳಿ. ಇಬ್ಬರು ಮೂವರು ಒಂದೇ ರೀತಿ ಬದಲಿಸಿದ್ದರೆ ನಿಮ್ಮ ಸಾಲಿಗಿಂತ ಅವರದೇ ಸರಾಗ, ಅದನ್ನೇ ತೆಗೆದುಕೊಳ್ಳಿ.

ಆಮೇಲೆ ಬಸ್ ಸ್ಟ್ಯಾಂಡಿನಂಥ ಗದ್ದಲದ ಜಾಗದಿಂದ ಯಾರಿಗಾದರೂ ಫೋನ್ ಮಾಡಿ ಸಾಲನ್ನು ಒಂದೇ ಸಲ ಹೇಳಿ, ವಾಪಸ್ ಹೇಳಲು ಕೇಳಿ. ಪ್ರಚಾರದ ಆಟೊ ಮನೆ ಮುಂದೆ ಹಾದುಹೋಗುವಾಗ ಕಿವಿಗೆ ಬೀಳುವುದೂ ಹೀಗೆಯೇ. ಕೊನೆಯದಾಗಿ, ‘ಇಲ್ಲ’, ‘ಬೇಡ’ ಇರುವ ಸಾಲುಗಳನ್ನು ತೆಗೆಯಿರಿ. ‘ನಮ್ಮಲ್ಲಿ ಹಳಸಿದ್ದು ಇಲ್ಲ’ ಎಂದರೆ ಬೇಕರಿಯ ಹೆಸರಿನ ಪಕ್ಕ ‘ಹಳಸಿದ್ದು’ ಎಂಬ ಪದವೇ ಮನಸ್ಸಿನಲ್ಲಿ ಉಳಿಯುತ್ತದೆ.

ಬೋರ್ಡಿನಲ್ಲಿ ಟ್ಯಾಗ್‌ಲೈನ್ ಎಷ್ಟು ದೊಡ್ಡದಿರಬೇಕು? ಕನ್ನಡ ಎಷ್ಟಿರಬೇಕು?
— ಹಾರ್ಡ್‌ವೇರ್ ಅಂಗಡಿ, ಬೆಂಗಳೂರು

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲರ್ಧದಲ್ಲಿ. ಹೆಸರನ್ನೂ ಟ್ಯಾಗ್‌ಲೈನನ್ನೂ ಕನ್ನಡದಲ್ಲಿ ಮೇಲಿಟ್ಟು, ಇಂಗ್ಲಿಷ್ ಹೆಸರನ್ನಷ್ಟೇ ಕೆಳಗೆ ಬರೆಸಿದರೆ ಲೆಕ್ಕ ಸುಲಭವಾಗಿ ಕೂಡುತ್ತದೆ.

ಅಳತೆಗೆ ಬೋರ್ಡ್ ಬರೆಯುವವರ ಲೆಕ್ಕ ಹೀಗಿದೆ: ಆರಾಮಾಗಿ ಓದಲು 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. 40 ಅಡಿ ರಸ್ತೆಯ ಆಚೆಯಿಂದ ಓದಬೇಕಾದರೆ 4 ಇಂಚು. ಕನ್ನಡದಲ್ಲಿ ಈ 4 ಇಂಚು ಅಕ್ಷರದ ಮೈಗೆ ಮಾತ್ರ, ಕೆಳಗಿಳಿಯುವ ಒತ್ತಿಗೆ ಬೇರೆ ಜಾಗ ಬಿಡಬೇಕು. ಸಾಲಿನ ಪೂರ್ತಿ ಎತ್ತರವನ್ನೇ 4 ಇಂಚು ಎಂದು ಹಿಡಿದರೆ ಅಕ್ಷರದ ಮೈ ಅರ್ಧಕ್ಕಿಳಿದು ರಸ್ತೆಯಾಚೆಗೆ ಕಾಣುವುದಿಲ್ಲ. ಅಷ್ಟು ಜಾಗ ಇಲ್ಲದಿದ್ದರೆ ಟ್ಯಾಗ್‌ಲೈನನ್ನು ಬೋರ್ಡಿನಿಂದ ಕೈಬಿಡಿ. ಷಟರ್, ಬಿಲ್ ಪುಸ್ತಕ, ಕೈಚೀಲದ ಮೇಲೆ ಬರೆಸಿ.

ಕೈಚೀಲಕ್ಕೂ ಒಂದು ಮಾತು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಶಾಯಿ ಸ್ವಲ್ಪ ಹರಡುತ್ತದೆ. ಸಣ್ಣ ಅಕ್ಷರವಾದರೆ ಘ, ಭ, ಷ್ಟ, ತ್ತ ಎಲ್ಲ ಮುದ್ದೆಯಾಗುತ್ತವೆ. ದಪ್ಪ ಫಾಂಟ್ ಬೇಡ, ಒತ್ತು ಕಡಿಮೆಯಿರುವ ಪದಗಳಿದ್ದರೆ ಅನುಕೂಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಪ್ರೆಸ್ಸಿಗೆ ಹಾಗೇ ಕಳಿಸಿದರೆ, ಅವರಲ್ಲಿ ಆ ಫಾಂಟ್ ಇಲ್ಲದಿದ್ದಾಗ ಅಕ್ಷರವೆಲ್ಲ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಡಿಸೈನರ್ ಹತ್ತಿರ ಅಕ್ಷರಗಳನ್ನು ‘ಕರ್ವ್ಸ್’ಗೆ, ಅಂದರೆ ಫಾಂಟ್ ಬೇಕಿಲ್ಲದ ಚಿತ್ರರೂಪಕ್ಕೆ, ಬದಲಿಸಿದ ಪಿಡಿಎಫ್ ಕೇಳಿ ಪಡೆಯಿರಿ, ಅಚ್ಚಿಗೆ ಮೊದಲು ಅರ್ಕಾವತ್ತು, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹೆಸರಿನ ಜೊತೆಗೇ ಟ್ಯಾಗ್‌ಲೈನ್ ಸೇರಿಸಬಹುದೇ?
— ಮೈಸೂರು

ಸೇರಿಸಬೇಡಿ. ಹೆಸರಿನ ಜಾಗದಲ್ಲಿ ಟ್ಯಾಗ್‌ಲೈನ್ ಹಾಕುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಅದರಿಂದ ಪ್ರೊಫೈಲನ್ನೇ ಅಮಾನತು ಮಾಡಬಹುದು. ವಿವರಣೆಗೆಂದು 750 ಅಕ್ಷರಗಳ ಜಾಗ ಪ್ರತ್ಯೇಕವಾಗಿದೆ, ಅಲ್ಲಿ ಮೊದಲ ಸಾಲಾಗಿ ಬರೆಯಿರಿ. ಅಂಗಡಿಯ ಮುಂಭಾಗದ ಫೋಟೊ ಹಾಕುವಾಗ ಬೋರ್ಡಿನ ಸಾಲು ಓದುವಂತೆ ಬೆಳಗಿನ ಬೆಳಕಿನಲ್ಲಿ, ನೇರ ಎದುರು ನಿಂತು ತೆಗೆಯಿರಿ.